ಓಡುವಾಗಲೇ ಎಣ್ಣೆ: ಎಲಿಜಾ ಮೆಕಾಯ್

ಬಂಗಾರಪೇಟೆಯ ಶಾಲೆಯೊಂದರಲ್ಲಿ 8ನೇ ತರಗತಿಗೆ ಘರ್ಷಣೆಯ ಪಾಠ ಮಾಡುವ ಸರದಿ ನನ್ನದಾಗಿತ್ತು. ಪೀಠಿಕೆಗೆಂದು ಹಳೆಯ ಸೈಕಲ್ ಚೈನ್ ಒಯ್ದಿದ್ದೆ. ವಿದ್ಯುತ್ ಬೈಕಿಗೆ ಎಣ್ಣೆಯೇ ಬೇಡವಲ್ಲವೇ ಎಂದು ಹುಡುಗನೊಬ್ಬ ಕೇಳಿದ. ಎಂಜಿನ್ ಆಯಿಲ್ ಬೇಡ, ನಿಜ. ಆದರೆ ಚೈನ್ ಇರುವ ಬೈಕಾದರೆ ಅದರ ಪಿನ್ನು, ರೋಲರುಗಳು ಉಜ್ಜುತ್ತಲೇ ಇರುತ್ತವೆ ಎಂದೆ. ಹಾಗಾದರೆ ಓಡುವಾಗಲೇ ಎಣ್ಣೆ ತಾನಾಗಿ ಬೀಳುವಂತೆ ಮಾಡಬಹುದೇ ಎಂದು ಕೇಳಿದ. ಮರುದಿನ ಮೆಕಾಯ್ ಅವರ ಜೀವನವನ್ನೇ ಪಾಠ ಮಾಡಿಕೊಂಡೆ.

ಎಲಿಜಾ ಮೆಕಾಯ್ ಹುಟ್ಟಿದ್ದು 1844ರಲ್ಲಿ, ಕೆನಡಾದಲ್ಲಿ. ತಂದೆತಾಯಿ ಅಮೆರಿಕದ ಕೆಂಟಕಿಯಲ್ಲಿ ಗುಲಾಮರಾಗಿದ್ದು, ತಪ್ಪಿಸಿಕೊಂಡು ಬಂದವರು. ಮಗನನ್ನು ಸ್ಕಾಟ್ಲೆಂಡಿಗೆ ಕಳಿಸಿ ಎಂಜಿನಿಯರಿಂಗ್ ಕಲಿಸಿದರು. ಕಲಿತು ಅಮೆರಿಕದ ಮಿಷಿಗನ್‌ಗೆ ಬಂದವರಿಗೆ, ಕಪ್ಪು ಜನಾಂಗದವರೆಂಬ ಕಾರಣಕ್ಕೆ, ಎಂಜಿನಿಯರ್ ಕೆಲಸ ಸಿಗಲಿಲ್ಲ. ರೈಲ್ವೆಯಲ್ಲಿ ಕಲ್ಲಿದ್ದಲು ತುಂಬುವ, ಎಣ್ಣೆ ಹಾಕುವ ಕೆಲಸ ಸಿಕ್ಕಿತು.

ಆಗ ಎಷ್ಟೋ ಎಂಜಿನ್‌ಗಳನ್ನು ಆಗಾಗ ನಿಲ್ಲಿಸಿ ಕೈಯಿಂದ ಎಣ್ಣೆ ಹಾಕಬೇಕಿತ್ತು. ಮೆಕಾಯ್ 1872ರಲ್ಲಿ ಪೇಟೆಂಟ್ ಪಡೆದ ಎಣ್ಣೆಬಟ್ಟಲಿನಲ್ಲಿ ಎಂಜಿನ್ನಿನ ಉಗಿಯ ಒತ್ತಡವೇ ಕವಾಟ ತೆರೆದು ಸಿಲಿಂಡರಿಗೆ ಎಣ್ಣೆ ಬಿಡುತ್ತಿತ್ತು. ಇಂಥ ಸಾಧನ ಮಾಡಿದವರಲ್ಲಿ ಅವರೇ ಮೊದಲಿಗರಲ್ಲ. ಮಕ್ಕಳಿಗೆ ಇದನ್ನೂ ಹೇಳಬೇಕು. ಮುಂದೆ ಐವತ್ತಕ್ಕೂ ಹೆಚ್ಚು ಪೇಟೆಂಟ್ ಪಡೆದರು. ಹಣದ ಅಡಚಣೆಯಿಂದ ಹಲವನ್ನು ಬೇರೆಯವರಿಗೆ ಬಿಟ್ಟುಕೊಟ್ಟರು. ತಮ್ಮ ಹೆಸರಿನ ಕಂಪನಿ ಶುರುಮಾಡಿದ್ದು 1920ರಲ್ಲಿ, ಎಪ್ಪತ್ತು ದಾಟಿದ ಮೇಲೆ. 1929ರಲ್ಲಿ ತೀರಿಕೊಂಡರು.

ಬೈಕಿನ ಮಾತಿಗೆ ಮರಳಿದೆ. ಪೆಟ್ರೋಲ್ ಬೈಕುಗಳಿಗೆ ಜೋಡಿಸುವ ಕೆಲವು ಚೈನ್ ಎಣ್ಣೆಸಾಧನಗಳಲ್ಲಿ ಎಂಜಿನ್ನಿನ ಎಳೆತವೇ ಕವಾಟ ತೆರೆಯುತ್ತದೆ. ಎಂಜಿನ್ ನಿಂತರೆ ಹನಿಯೂ ನಿಲ್ಲುತ್ತದೆ. ವಿದ್ಯುತ್ ಮೋಟಾರಿಗೆ ಆ ಎಳೆತವಿಲ್ಲ. ಅಲ್ಲಿ ಬ್ಯಾಟರಿಯಿಂದ ನಡೆಯುವ ಪುಟ್ಟ ಪಂಪು ಬೇಕು. ಕಪ್ಪುಹಲಗೆಯ ಮೇಲೆ ಉಗಿ, ಎಳೆತ, ಪಂಪು ಮೂರರ ಚಿತ್ರವನ್ನೂ ಬರೆದೆ. ಚಿತ್ರ ಅಷ್ಟೇನೂ ಚೆನ್ನಾಗಿ ಬರಲಿಲ್ಲ.

ಆಗ ಹಿಂದಿನ ಬೆಂಚಿನ ಹುಡುಗಿ, ಎಣ್ಣೆ ಹಾಕುತ್ತಿದ್ದವರ ಕೆಲಸ ಏನಾಯಿತು ಎಂದಳು. ಬಟ್ಟಲು ತುಂಬಲು ಆಳು ಬೇಕಿತ್ತು ಎಂದೆ. ಎಷ್ಟು ಆಳು ಎಂದಳು. ಮೊದಲಿಗಿಂತ ಕಡಿಮೆ ಎಂದು ಒಪ್ಪಿಕೊಂಡೆ. ಇದು ನನ್ನ ಪಾಠಯೋಜನೆಯಲ್ಲಿ ಇರಲಿಲ್ಲ.

ನಮ್ಮ ತಾತ ಕೆಜಿಎಫ್‌ನಲ್ಲಿ ಗಣಿಯ ತೊಟ್ಟಿಲು ಎಳೆಯುವ ಯಂತ್ರಕ್ಕೆ ಎಣ್ಣೆ ಹಾಕುತ್ತಿದ್ದವರು. ಅಲ್ಲಿಗೆ ಶಿವನಸಮುದ್ರದ ವಿದ್ಯುತ್ 1902ರಲ್ಲೇ ಬಂದಿತ್ತು; ಯಂತ್ರ ಉಗಿಯದಾದರೂ ವಿದ್ಯುತ್ತಿನದಾದರೂ ಬೇರಿಂಗಿಗೆ ಎಣ್ಣೆ ತಪ್ಪುವಂತಿರಲಿಲ್ಲ. ಗಣಿ ಮುಚ್ಚಿದ್ದು 2001ರಲ್ಲಿ. ಸಂಜೆ ಮನೆಗೆ ಹೋಗಿ ಆ ಹುಡುಗಿಯ ಪ್ರಶ್ನೆಯನ್ನು ತಾತನ ಮುಂದಿಟ್ಟೆ. ಅವರು ಅಂಗೈ ಚಾಚಿ, ಬೇರಿಂಗ್ ಕಾಯುವುದು ಮೊದಲು ಇದಕ್ಕೇ ತಿಳಿಯುತ್ತಿತ್ತು ಎಂದರು.

ಮುಂದಿನ ಪಾಠಕ್ಕೆ ಕೊಬ್ಬರಿ ಎಣ್ಣೆ ಒಯ್ದೆ. ಮಕ್ಕಳು ಒಣ ಅಂಗೈ ಉಜ್ಜಿದರು, ಆಮೇಲೆ ಎಣ್ಣೆ ಹಚ್ಚಿಕೊಂಡು ಉಜ್ಜಿದರು. ಯಾವುದು ಹೆಚ್ಚು ಬಿಸಿಯಾಯಿತೆಂದು ಆ ಹುಡುಗಿಯೇ ಮೊದಲು ಕೈ ಎತ್ತಿ ಹೇಳಿದಳು.