ಮಂಗಳೂರನ್ನು ಮದರಾಸಿಗೆ ನಾಲ್ವತ್ತು ಮೈಲು ಹತ್ತಿರ ತಂದವರು

ಹೋಟೆಲಿನಲ್ಲಿ ಗಲ್ಲೆಯಿಂದ ಮೂರನೆಯ ಸಾಲು, ಗೋಡೆಯಿಂದ ಎರಡನೆಯ ಮೇಜು ಎಂದರೆ ಹೊಸ ಮಾಣಿಯೂ ಕಾಫಿಯನ್ನು ತಪ್ಪದೆ ಒಯ್ದಿಡುವನು. ಎಣಿಕೆ ಎಲ್ಲಿಂದ ಎಂಬುದು ತಿಳಿಯದಿದ್ದರೆ ಅದೇ ಕಾಫಿ ಬೇರೊಬ್ಬರ ಮುಂದೆ ಆರುವುದು. ಒಂದು ಮೂಲಬಿಂದು, ಅಲ್ಲಿಂದ ಎರಡು ದಿಕ್ಕಿಗೆ ಎರಡು ಸಂಖ್ಯೆ. ಗಣಿತಜ್ಞರು ನಿರ್ದೇಶಾಂಕವೆನ್ನುವುದು ಇದನ್ನೇ. ಭೂಮಿಯ ಮೇಲೆ ಅವು ಅಕ್ಷಾಂಶ, ರೇಖಾಂಶಗಳು. ನಮ್ಮ ನಾಡಿನ ಊರುಗಳಿಗೆ ಅವನ್ನು ಕರಾರುವಾಕ್ಕಾಗಿ ಗೊತ್ತುಪಡಿಸುವ ಮಹಾಕಾರ್ಯವನ್ನು ಈ ಚೆನ್ನೈಯಲ್ಲಿ ಆರಂಭಿಸಿದ ವಿಲಿಯಂ ಲ್ಯಾಂಬ್ಟನ್ ಸಾಹೇಬರ ಚರಿತ್ರೆಯನ್ನು ವಾಚಕರ ಮುಂದಿಡುತ್ತೇವೆ.

ಇಂಗ್ಲೆಂಡಿನ ಯಾರ್ಕ್‌ಷೈರಿನ ಬಡ ರೈತ ಕುಟುಂಬದಲ್ಲಿ ಹುಟ್ಟಿದ ಇವರು ಸೈನ್ಯ ಸೇರಿ, ಅಮೆರಿಕದಲ್ಲಿ ಬಹುಕಾಲ ಕಳೆದು, ನಡುವಯಸ್ಸು ಮೀರುವಾಗ ಭಾರತಕ್ಕೆ ಬಂದರು. 1799ರ ಶ್ರೀರಂಗಪಟ್ಟಣದ ಯುದ್ಧದಲ್ಲಿ ಒಂದು ರಾತ್ರಿ ಇವರಿದ್ದ ದಳವು ತಪ್ಪು ದಿಕ್ಕಿಗೆ, ಟಿಪ್ಪುವಿನ ಸೈನ್ಯದ ಕಡೆಗೇ, ನಡೆಯುತ್ತಿದೆಯೆಂದು ನಕ್ಷತ್ರಗಳನ್ನು ನೋಡಿ ಎಚ್ಚರಿಸಿದರು. ಸೇನಾನಿ ಬೇರ್ಡ್ ಒಪ್ಪಲಿಲ್ಲ. ದಿಕ್ಸೂಚಿ ತೆಗೆದು ನೋಡಿದಾಗ ಮಾತು ನಿಜವಾಗಿತ್ತು. ಆ ಯುದ್ಧದ ನೆನಪು ಕನ್ನಡಿಗರಾದ ನಮಗೆ ಸಿಹಿಯಾದುದಲ್ಲ. ಕಂಪೆನಿ ಸರಕಾರವು ನೆಲವನ್ನು ಅಳೆಸಿದ್ದೂ ಆಳುವುದಕ್ಕಾಗಿಯೇ. ಆದರೂ ವಿದ್ಯೆಗೆ ಸಲ್ಲುವ ಗೌರವವನ್ನು ಸಲ್ಲಿಸಲೇಬೇಕು.

1802ರ ಏಪ್ರಿಲ್ 10ರಂದು ಪರಂಗಿಮಲೆಯ ಬಳಿ ಅಳತೆ ಮೊದಲಾಯಿತು. ಅಲ್ಲಿಂದ ಪೆರುಂಬಾಕ್ಕಂ ಗುಡ್ಡದವರೆಗೆ ಏಳೂವರೆ ಮೈಲು. 100 ಅಡಿಯ ಉಕ್ಕಿನ ಸರಪಳಿಯನ್ನು ಸುಮಾರು 400 ಬಾರಿ ಇಡಬೇಕಾಯಿತು. ದಿನಗಳು 57 ಹಿಡಿದವು. ಬಿಸಿಲಿಗೆ ಉಕ್ಕು ಹಿಗ್ಗುವುದರಿಂದ ಸರಪಳಿಗೆ ನೆರಳು ಕಟ್ಟಿ, ಉಷ್ಣಮಾಪಕವನ್ನು ನೋಡಿ ಲೆಕ್ಕ ತಿದ್ದುತ್ತಿದ್ದರು. ಏಪ್ರಿಲ್, ಮೇ ತಿಂಗಳುಗಳ ಮದರಾಸಿನ ಬಿಸಿಲನ್ನು ನಮ್ಮವರಿಗೆ ವಿವರಿಸಬೇಕಾಗಿಲ್ಲ.

ಅಷ್ಟು ಕಷ್ಟ ಒಂದೇ ಗೆರೆಗೆ. ತ್ರಿಕೋನದ ಒಂದು ಭುಜವೂ ಎರಡು ಕೋನಗಳೂ ತಿಳಿದರೆ ಮಿಕ್ಕ ಭುಜಗಳು ಲೆಕ್ಕದಿಂದಲೇ ದೊರೆಯುತ್ತವೆ. ಬೆಟ್ಟದಿಂದ ಬೆಟ್ಟಕ್ಕೆ ಕೋನ ನೋಡುತ್ತ, ತ್ರಿಕೋನಕ್ಕೆ ತ್ರಿಕೋನ ಹೆಣೆಯುತ್ತ, ಪಶ್ಚಿಮಕ್ಕೆ ನಡೆದರು. ರೇಖಾಂಶದ ಎಣಿಕೆಗೆ ಮೂಲ, ನುಂಗಂಬಾಕ್ಕಂನಲ್ಲಿ 1792ರಲ್ಲಿ ಕಟ್ಟಿದ ವೀಕ್ಷಣಾಲಯ. ಬೆಂಗಳೂರಿನ ಬಳಿ 1804ರಲ್ಲಿ ಇನ್ನೊಂದು ಗೆರೆಯನ್ನು ಸರಪಳಿಯಿಂದಲೇ ಅಳೆದು, ಮದರಾಸಿನಿಂದ ಬಂದ ಲೆಕ್ಕದೊಡನೆ ಹೋಲಿಸಿದರು. ಏಳು ಮೈಲಿಗೂ ಮಿಕ್ಕ ಗೆರೆಯಲ್ಲಿ ವ್ಯತ್ಯಾಸ ನಾಲ್ಕು ಅಂಗುಲವೂ ಇರಲಿಲ್ಲ!

ಮಂಗಳೂರು ಮುಟ್ಟಿದಾಗ ವಿಚಿತ್ರವೊಂದು ಹೊರಬಿತ್ತು. ಎರಡೂ ಪಟ್ಟಣಗಳು ಹೆಚ್ಚುಕಡಮೆ 13 ಡಿಗ್ರಿ ಅಕ್ಷಾಂಶದಲ್ಲಿವೆ. ವ್ಯತ್ಯಾಸವೆಲ್ಲ ರೇಖಾಂಶದಲ್ಲಿ, ಸುಮಾರು ಐದೂವರೆ ಡಿಗ್ರಿ. ಹಳೆಯ ನಕ್ಷೆಗಳು ಈ ಅಗಲವನ್ನು 400 ಮೈಲೆಂದಿದ್ದವು. ಲ್ಯಾಂಬ್ಟನ್ನರಿಗೆ ಸಿಕ್ಕಿದ್ದು 360. ನಾಲ್ವತ್ತು ಮೈಲು ನೆಲ ನಕ್ಷೆಯಿಂದ ಮಾಯವಾಯಿತು. ಊರಿನ ಹಾದಿಯನ್ನು ಮೈಲು ಮೈಲಾಗಿ ಬಲ್ಲ ನಮ್ಮ ವಾಚಕರಿಗೆ ಇದರ ತೂಕ ಗೊತ್ತು.

1808ರಲ್ಲಿ ತಂಜಾವೂರಿನ ದೊಡ್ಡ ದೇವಾಲಯದ ಮೇಲಕ್ಕೆ ಅರ್ಧ ಟನ್ ಭಾರದ ಕೋನಮಾಪಕವನ್ನು ಏರಿಸುವಾಗ ಹಗ್ಗ ಹರಿದು, ಯಂತ್ರ ಗೋಡೆಗೆ ಬಡಿದು ಅದರ ಚಕ್ರ ಸೊಟ್ಟಗಾಯಿತು. ಇನ್ನೊಬ್ಬರಾದರೆ ಹೊಸ ಯಂತ್ರ ಬರುವವರೆಗೆ ಕೈಕಟ್ಟಿ ಕೂರುತ್ತಿದ್ದರು. ಇವರು ಡೇರೆಯೊಳಗೆ ಆರು ವಾರ ಬಾಗಿಲು ಹಾಕಿಕೊಂಡು, ಅದನ್ನು ಕೂದಲೆಳೆಯಷ್ಟಾಗಿ ಎಳೆದು ನೇರ್ಪಡಿಸಿ ಮತ್ತೆ ಕೆಲಸಕ್ಕೆ ನಿಂತರು.

ತವರಿಗೆ ಮರಳದೆ, ಎಪ್ಪತ್ತರ ಸಮೀಪದಲ್ಲೂ ಅಳೆಯುತ್ತಲೇ ಉತ್ತರಕ್ಕೆ ಸಾಗುತ್ತಿದ್ದಾಗ, 1823ರ ಜನವರಿ 20ರಂದು ಹಿಂಗಣಘಾಟ್‌ನಲ್ಲಿ ತೀರಿಕೊಂಡರು. ಮುಂದಿನ ಅಳತೆಯನ್ನು ವಹಿಸಿಕೊಂಡ ಸಹಾಯಕರು ಜಾರ್ಜ್ ಎವರೆಸ್ಟ್. ಅವರ ಹೆಸರು ಜಗತ್ತಿನ ಅತಿ ಎತ್ತರದ ಶಿಖರದ ಮೇಲಿದೆ. ಲ್ಯಾಂಬ್ಟನ್ನರ ಸಮಾಧಿ ಹಿಂಗಣಘಾಟ್‌ನಲ್ಲಿದೆ.