ವಿಲ್ಯಮ್ ಟಿಂಡೇಲನೂ ಆತನು ಕೊಟ್ಟ ಮಾತುಗಳೂ

ಬಾವಿಯ ನೀರನ್ನು ಕುಡಿಯುವವನು ಆ ಬಾವಿಯನ್ನು ತೋಡಿದವನ ಹೆಸರನ್ನು ಕೇಳುವದಿಲ್ಲ. ದಿನಾಲೂ ಆಡುವ ಮಾತುಗಳ ವಿಷಯದಲ್ಲಿಯೂ ಹಾಗೆಯೇ. ಇಂಗ್ಲಿಷ್ ಭಾಷೆಯನ್ನಾಡುವವರು ಮನೆಯಲ್ಲಿಯೂ ಕಚೇರಿಯಲ್ಲಿಯೂ ವೃತ್ತಪತ್ರಿಕೆಗಳಲ್ಲಿಯೂ ಇಂದಿಗೂ ಉಪಯೋಗಿಸುವ ಕೆಲವು ನುಡಿಗಳು, ಸುಮಾರು 500 ವರುಷಗಳ ಹಿಂದೆ ಸ್ವದೇಶವನ್ನು ಬಿಟ್ಟು, ಪರರ ಊರಿನಲ್ಲಿ ಅಡಗಿಕೊಂಡು ಬರೆದ ಒಬ್ಬ ಮನುಷ್ಯನ ಲೇಖನಿಯಿಂದ ಹೊರಟವೆಂಬದು ಅನೇಕರಿಗೆ ಗೊತ್ತಿಲ್ಲ. ಆತನೇ ವಿಲ್ಯಮ್ ಟಿಂಡೇಲ್. ಪ್ರಿಯ ವಾಚಕರೇ, ಈತನ ಚರಿತ್ರೆಯನ್ನು ಸಂಕ್ಷೇಪವಾಗಿ ವಿವರಿಸುವೆವು.

ಟಿಂಡೇಲನು ಸುಮಾರು 1494ರಲ್ಲಿ ಇಂಗ್ಲೆಂಡ್ ದೇಶದ ಗ್ಲಾಸ್ಟರ್ ಸೀಮೆಯಲ್ಲಿ ಹುಟ್ಟಿದನು. ಅದು ಹೊಲಗದ್ದೆಗಳೂ ಕುರಿಮಂದೆಗಳೂ ಇದ್ದ ಹಳ್ಳಿನಾಡು. ಆಕ್ಸ್‌ಫರ್ಡ್ ವಿದ್ಯಾಪೀಠದಲ್ಲಿ ಕಲಿತು 1512ರಲ್ಲಿ ಮೊದಲನೆಯ ಪದವಿಯನ್ನೂ 1515ರಲ್ಲಿ ಎರಡನೆಯದನ್ನೂ ಪಡೆದು ಯಾಜಕನಾದನು. ಆ ಕಾಲದಲ್ಲಿ ಸತ್ಯವೇದವು ದೇವಾಲಯಗಳಲ್ಲಿ ಲ್ಯಾಟಿನ್ ಭಾಷೆಯಲ್ಲಿಯೇ ಓದಲ್ಪಡುತ್ತಿತ್ತು. ನೂರಕ್ಕೂ ಹೆಚ್ಚು ವರುಷಗಳ ಹಿಂದೆ ವಿಕ್ಲಿಫನ ಸಂಗಡಿಗರು ಲ್ಯಾಟಿನ್‌ನಿಂದ ಇಂಗ್ಲಿಷಿಗೆ ಮಾಡಿದ ಭಾಷಾಂತರದ ಕೈಬರಹದ ಪ್ರತಿಗಳು ಇದ್ದವು. ಆದರೆ ಬಿಷಪರ ಅಪ್ಪಣೆಯಿಲ್ಲದೆ ಅಂಥ ಭಾಷಾಂತರವನ್ನು ಮಾಡುವದೂ ಓದುವದೂ 15ನೆಯ ಶತಮಾನದ ಆರಂಭದಿಂದಲೇ ನಿಷೇಧಿಸಲ್ಪಟ್ಟಿತ್ತು.

ಟಿಂಡೇಲನು ಲಿಟ್ಲ್ ಸಾಡ್‌ಬರಿ ಎಂಬ ಹಳ್ಳಿಯಲ್ಲಿ ಸರ್ ಜಾನ್ ವಾಲ್ಶನ ಮನೆಯಲ್ಲಿ ಉಪಾಧ್ಯಾಯನಾಗಿದ್ದನು. ಅಲ್ಲಿಗೆ ಊಟಕ್ಕೆ ಬರುತ್ತಿದ್ದ ಯಾಜಕರೊಡನೆ ಆತನಿಗೆ ಅನೇಕಾವರ್ತಿ ವಾದವಾಗುತ್ತಿತ್ತು. ದೇವರು ಆಯುಷ್ಯವನ್ನು ಕೊಟ್ಟರೆ, ನೇಗಿಲು ಹಿಡಿಯುವ ಹುಡುಗನು ಪಂಡಿತನಿಗಿಂತಲೂ ಹೆಚ್ಚಾಗಿ ದೇವರ ವಾಕ್ಯವನ್ನು ತಿಳಿಯುವಂತೆ ಮಾಡುವೆನೆಂದು ಆತನು ಒಂದು ದಿನ ಅವರಲ್ಲೊಬ್ಬನಿಗೆ ಹೇಳಿದನೆಂದು ಹಳೆಯ ಚರಿತ್ರೆಯು ತಿಳಿಸುತ್ತದೆ. ಈ ಒಂದು ಸಂಕಲ್ಪವು ಆತನ ಮಿಕ್ಕ ಜೀವಮಾನವನ್ನೆಲ್ಲಾ ಆಳಿತು.

1523ರಲ್ಲಿ ಆತನು ಲಂಡನಿಗೆ ಹೋಗಿ, ಬಿಷಪನಾದ ಕತ್‌ಬರ್ಟ್ ಟನ್‌ಸ್ಟಲನ ಆಶ್ರಯವನ್ನು ಬೇಡಿದನು. ಬಿಷಪನು ತನ್ನ ಮನೆಯಲ್ಲಿ ಸ್ಥಳವಿಲ್ಲವೆಂದು ಕಳುಹಿಸಿಬಿಟ್ಟನು. ಹಂಫ್ರಿ ಮನ್‌ಮತ್ ಎಂಬ ಬಟ್ಟೆಯ ವ್ಯಾಪಾರಿಯು ಆತನನ್ನು ಕೆಲವು ಕಾಲ ಸಾಕಿದನು. ಇಂಗ್ಲೆಂಡಿನಲ್ಲಿ ಈ ಕೆಲಸಕ್ಕೆ ಎಡೆಯೇ ಇಲ್ಲವೆಂದು ತಿಳಿದು, 1524ರಲ್ಲಿ ಟಿಂಡೇಲನು ಜರ್ಮನಿಗೆ ಹೊರಟನು. ಸ್ವದೇಶವನ್ನು ಪುನಃ ಕಾಣಲಿಲ್ಲ.

1525ರಲ್ಲಿ ಕೊಲೋನ್ ಪಟ್ಟಣದಲ್ಲಿ ಹೊಸ ಒಡಂಬಡಿಕೆಯ ಅಚ್ಚು ಆರಂಭವಾದಾಗ ವೈರಿಗಳಿಗೆ ಸುಳಿವು ಸಿಕ್ಕಿತು. ಟಿಂಡೇಲನು ಅಚ್ಚಾದ ಹಾಳೆಗಳನ್ನು ತೆಗೆದುಕೊಂಡು ರೈನ್ ನದಿಯ ಮೇಲೆ ದೋಣಿಯಲ್ಲಿ ವೋರ್ಮ್ಸ್ ಪಟ್ಟಣಕ್ಕೆ ತಪ್ಪಿಸಿಕೊಂಡನು. ಅಲ್ಲಿ 1526ರಲ್ಲಿ, ಗ್ರೀಕ್ ಮೂಲದಿಂದ ನೇರವಾಗಿ ಇಂಗ್ಲಿಷಿಗೆ ತಿರುಗಿಸಲ್ಪಟ್ಟ ಹೊಸ ಒಡಂಬಡಿಕೆಯು ಮೊದಲನೆಯ ಸಾರಿ ಅಚ್ಚಾಗಿ ಹೊರಬಂದಿತು. ಅದು ಕೈಯಲ್ಲಿ ಹಿಡಿಯುವಷ್ಟು ಚಿಕ್ಕ ಪುಸ್ತಕ. ವ್ಯಾಪಾರಿಗಳು ಬಟ್ಟೆಯ ಮೂಟೆಗಳಲ್ಲಿ ಅದನ್ನು ಬಚ್ಚಿಟ್ಟು ಇಂಗ್ಲೆಂಡಿಗೆ ಸಾಗಿಸಿದರು. ಅದೇ ವರುಷ ಬಿಷಪ್ ಟನ್‌ಸ್ಟಲನು ಸಿಕ್ಕಿದ ಪ್ರತಿಗಳನ್ನು ಲಂಡನಿನಲ್ಲಿ ಬಹಿರಂಗವಾಗಿ ಸುಡಿಸಿದನು. ಸುಡುವದಕ್ಕಾಗಿ ಆತನು ಒಬ್ಬ ವ್ಯಾಪಾರಿಯ ಮೂಲಕ ಪುಸ್ತಕಗಳನ್ನು ಕೊಂಡುಕೊಂಡನೆಂದೂ, ಆ ಹಣವು ಟಿಂಡೇಲನ ಕೈಸೇರಿ ಹೊಸ ಅಚ್ಚಿಗೆ ಸಹಾಯವಾಯಿತೆಂದೂ ಆ ಕಾಲದ ಚರಿತ್ರೆಕಾರನೊಬ್ಬನು ಬರೆದಿದ್ದಾನೆ. ಆ ಮೊದಲನೆಯ ಮುದ್ರಣದಲ್ಲಿ ಇಂದಿಗೆ ಉಳಿದಿರುವದಾಗಿ ತಿಳಿದಿರುವ ಪ್ರತಿಗಳು ಮೂರೇ.

ಆಮೇಲೆ ಟಿಂಡೇಲನು ಇಬ್ರಿಯ ಭಾಷೆಯನ್ನು ಕಲಿತು, ಮೋಶೆಯ ಐದು ಪುಸ್ತಕಗಳನ್ನು ಭಾಷಾಂತರಿಸಿ 1530ರಲ್ಲಿ ಆಂಟ್ವೆರ್ಪ್ ಪಟ್ಟಣದಲ್ಲಿ ಪ್ರಕಟಿಸಿದನು. ಇಲ್ಲಿಯೇ ಆತನು ಮಾತುಗಳನ್ನು ಕಟ್ಟಬೇಕಾಯಿತು. ಯಾಕಂದರೆ ಇಬ್ರಿಯರ ಆಚಾರಗಳಿಗೆ ಇಂಗ್ಲಿಷಿನಲ್ಲಿ ತಕ್ಕ ಹೆಸರುಗಳಿರಲಿಲ್ಲ. ಐಗುಪ್ತದಲ್ಲಿ ಸಂಹಾರಕನು ಇಸ್ರಾಯೇಲ್ಯರ ಮನೆಗಳನ್ನು ದಾಟಿಹೋದದ್ದರ ನೆನಪಿನ ಹಬ್ಬಕ್ಕೆ ನಮ್ಮ ಕನ್ನಡ ಸತ್ಯವೇದದಲ್ಲಿ ಮೂಲದ ಮಾತನ್ನೇ ಅನುಸರಿಸಿ ಪಸ್ಕವೆಂದು ಹೇಳಿದೆ. ಟಿಂಡೇಲನಾದರೋ ದಾಟು, ಮೇಲೆ ಎಂಬ ಅರ್ಥವುಳ್ಳ ಎರಡು ಹಳ್ಳಿಮಾತುಗಳನ್ನು ಜೋಡಿಸಿ ಪಾಸ್‌ಓವರ್ ಎಂದನು. ಅದನ್ನು ಕೇಳುವ ಮಗುವಿಗೂ ಹಬ್ಬದ ಕಥೆಯು ಹೆಸರಿನಲ್ಲಿಯೇ ತಿಳಿಯುವದು.

ಯಾಜಕಕಾಂಡದ 16ನೆಯ ಅಧ್ಯಾಯದಲ್ಲಿ ಎರಡು ಹೋತಗಳ ವಿಷಯ ಉಂಟು. ಒಂದು ಯಜ್ಞವಾಗುವದು, ಮತ್ತೊಂದರ ತಲೆಯ ಮೇಲೆ ಯಾಜಕನು ಕೈಗಳನ್ನಿಟ್ಟು, ಜನರ ಪಾಪಗಳನ್ನು ಅರಿಕೆಮಾಡಿ, ಅದನ್ನು ಜೀವಸಹಿತ ಅಡವಿಗೆ ಅಟ್ಟಿಬಿಡುವನು. ಅಲ್ಲಿರುವ ಅಜಾಜೇಲ್ ಎಂಬ ಇಬ್ರಿಯ ಮಾತನ್ನು ಹೊರಟುಹೋಗುವ ಹೋತವೆಂದು ಟಿಂಡೇಲನು ತಿಳಿದನು. ತಪ್ಪಿಸಿಕೊಳ್ಳು ಎಂಬ ಅರ್ಥದ ಸ್ಕೇಪ್ ಎಂಬ ಮಾತಿಗೆ ಆಡಿನ ಹೆಸರಾದ ಗೋಟ್ ಎಂಬದನ್ನು ಸೇರಿಸಿ ಸ್ಕೇಪ್‌ಗೋಟ್ ಎಂದು ಬರೆದನು. ಅಜಾಜೇಲ್ ಎಂಬದು ಒಂದು ಸ್ಥಳದ ಇಲ್ಲವೆ ಭೂತದ ಹೆಸರೆಂದು ಹೇಳುವ ಪಂಡಿತರೂ ಇದ್ದಾರೆ. ಆದರೂ ಟಿಂಡೇಲನ ಮಾತು ನಿಂತಿತು. ಪರರ ತಪ್ಪನ್ನು ಯಾರ ತಲೆಗೆ ಕಟ್ಟುತ್ತಾರೋ ಅವನಿಗೆ ಇಂಗ್ಲಿಷರು ಇಂದು ಈ ಹೆಸರನ್ನು ಕೊಡುತ್ತಾರೆ. ಸತ್ಯವೇದವನ್ನು ಎಂದೂ ತೆರೆಯದವರೂ ಕೊಡುತ್ತಾರೆ. ನಾವು ಅಂಥವನನ್ನು ಹರಕೆಯ ಕುರಿ ಎನ್ನುತ್ತೇವೆ. ಆದರೆ ಹರಕೆಯ ಕುರಿ ಸಾಯುವದು. ಟಿಂಡೇಲನ ಹೋತವು ಹೊರೆಯನ್ನು ಹೊತ್ತು ನಡೆದುಹೋಗುವದು.

ಅಟೋನ್‌ಮೆಂಟ್ ಎಂಬ ಮಾತೂ ಹೀಗೆಯೇ. ಅದನ್ನು ಬಿಡಿಸಿದರೆ ಒಂದಾಗಿರುವಿಕೆ ಎಂದರ್ಥ. ಮುರಿದುಹೋದ ಇಬ್ಬರು ಪುನಃ ಒಂದಾಗುವದು. ಇದನ್ನು ಟಿಂಡೇಲನೇ ಹುಟ್ಟಿಸಿದನೆಂದು ಅನೇಕರು ಹೇಳುವದುಂಟು. ಆದರೆ ಆತನ ಕಡುವಿರೋಧಿಯಾದ ಸರ್ ಥಾಮಸ್ ಮೋರನ ಬರವಣಿಗೆಯಲ್ಲಿಯೇ ಅದು ಮೊದಲು ಕಾಣುತ್ತದೆ. ಮನುಷ್ಯರ ನಡುವಣ ರಾಜಿಗೆ ಹೇಳುತ್ತಿದ್ದ ಆ ಮಾತನ್ನು ದೇವರಿಗೂ ಮನುಷ್ಯನಿಗೂ ಆಗುವ ಸಮಾಧಾನಕ್ಕೆ ಹಚ್ಚಿ ಸತ್ಯವೇದದಲ್ಲಿ ನೆಲೆಗೊಳಿಸಿದವನು ಟಿಂಡೇಲನು. ನಾವು ಯೆಹೋವ ಎಂದು ಓದುವ ನಾಮವು ಇಂಗ್ಲಿಷ್ ಸತ್ಯವೇದದಲ್ಲಿ ಮೊದಲು ಬಂದದ್ದೂ ಆತನ 1530ರ ಪುಸ್ತಕದಲ್ಲಿಯೇ.

ಅಧಿಕಾರದಲ್ಲಿರುವವರನ್ನು ಕುರಿತು ಪತ್ರಿಕೆಗಳು ಬರೆಯುವ ಪವರ್ಸ್ ದಟ್ ಬೀ ಎಂಬ ನುಡಿಯೂ, ದುರಾಶೆಯ ಹಣಕ್ಕೆ ಹೇಳುವ ಫಿಲ್ತಿ ಲೂಕರ್ ಎಂಬದೂ, ಕಾಲಲಕ್ಷಣಗಳಿಗೆ ಹೇಳುವ ಸೈನ್ಸ್ ಆಫ್ ದ ಟೈಮ್ಸ್ ಎಂಬದೂ ಆತನ ಹೊಸ ಒಡಂಬಡಿಕೆಯಿಂದ ಜನರ ಬಾಯಿಗೆ ಬಂದವುಗಳೇ.

ಮಾತುಗಳ ನಿಮಿತ್ತವೇ ದೊಡ್ಡ ಜಗಳವೂ ಎದ್ದಿತು. ಟಿಂಡೇಲನು ಚರ್ಚ್ ಎಂಬದಕ್ಕೆ ಬದಲಾಗಿ ಸಭೆಯೆಂಬ ಅರ್ಥದ ಮಾತನ್ನೂ, ಯಾಜಕನೆಂಬದಕ್ಕೆ ಬದಲಾಗಿ 1534ರ ತಿದ್ದುಪಡಿಯಲ್ಲಿ ಹಿರಿಯನೆಂಬ ಮಾತನ್ನೂ, ತಪದಂಡನೆಗೆ ಬದಲಾಗಿ ಮನಸ್ಸನ್ನು ತಿರುಗಿಸಿಕೊಳ್ಳುವದೆಂಬ ಮಾತನ್ನೂ ಇಟ್ಟನು. ಇವುಗಳಿಂದ ಯಾಜಕರ ಅಧಿಕಾರವೇ ಅಲುಗಾಡುವದೆಂದು ಥಾಮಸ್ ಮೋರನು ಕಂಡು, 1529ರಿಂದ ಆತನಿಗೆ ವಿರೋಧವಾಗಿ ದೊಡ್ಡ ಗ್ರಂಥಗಳನ್ನು ಬರೆದನು. ನಾವು ಇಂದು ಸಭೆಯೆಂದೂ ಸಭೆಯ ಹಿರಿಯರೆಂದೂ ಸುಲಭವಾಗಿ ಹೇಳುತ್ತೇವೆ. ಅಂದು ಆ ಮಾತುಗಳಿಗೆ ಪ್ರಾಣವೇ ಬೆಲೆಯಾಗಿತ್ತು.

ಆಂಟ್ವೆರ್ಪಿನಲ್ಲಿ ಟಿಂಡೇಲನು ಥಾಮಸ್ ಪಾಯಿಂಟ್ಸ್ ಎಂಬ ಇಂಗ್ಲಿಷ್ ವ್ಯಾಪಾರಿಯ ಮನೆಯಲ್ಲಿದ್ದು, ವಾರದಲ್ಲಿ ಎರಡು ದಿನ ಬಡವರನ್ನೂ ಓಡಿಬಂದವರನ್ನೂ ಹುಡುಕಿ ಸಹಾಯಮಾಡುತ್ತಿದ್ದನಂತೆ. 1535ನೆಯ ಮೇ ತಿಂಗಳಲ್ಲಿ ಹೆನ್ರಿ ಫಿಲಿಪ್ಸ್ ಎಂಬವನು ಸ್ನೇಹಿತನ ವೇಷದಿಂದ ಬಂದು, ಆ ದಿವಸವೇ ಆತನಿಂದ ಸಾಲವನ್ನೂ ತೆಗೆದುಕೊಂಡು, ಇಕ್ಕಟ್ಟಾದ ಓಣಿಯಲ್ಲಿ ಆತನನ್ನು ಅಧಿಕಾರಿಗಳಿಗೆ ಹಿಡಿದುಕೊಟ್ಟನು. ಬ್ರಸೆಲ್ಸ್ ಬಳಿಯ ವಿಲ್ವೋರ್ಡ್ ಕೋಟೆಯಲ್ಲಿ ಆತನು ಸುಮಾರು 16 ತಿಂಗಳು ಸೆರೆಯಲ್ಲಿದ್ದನು. ಅಲ್ಲಿಂದ ಬರೆದ ಒಂದು ಲ್ಯಾಟಿನ್ ಪತ್ರವು ಉಳಿದಿದೆ. ಬೆಚ್ಚನೆಯ ಟೊಪ್ಪಿಗೆ, ಹರಿದ ಬಟ್ಟೆಗೆ ತೇಪೆಹಾಕಲು ತುಂಡುಬಟ್ಟೆ, ಸಾಯಂಕಾಲಕ್ಕೆ ಒಂದು ದೀಪ, ಎಲ್ಲಕ್ಕಿಂತ ಹೆಚ್ಚಾಗಿ ಇಬ್ರಿಯ ಸತ್ಯವೇದ, ವ್ಯಾಕರಣ, ನಿಘಂಟು—ಇವೇ ಆತನ ಬೇಡಿಕೆಗಳು.

1536ನೆಯ ಅಕ್ಟೋಬರಿನಲ್ಲಿ ಆತನನ್ನು ಕಂಬಕ್ಕೆ ಕಟ್ಟಿ, ಕೊರಳು ಬಿಗಿದು ಕೊಂದು, ದೇಹವನ್ನು ಸುಟ್ಟರು. ಇಂಗ್ಲೆಂಡಿನ ಅರಸನ ಕಣ್ಣುಗಳನ್ನು ತೆರೆಯಬೇಕೆಂದು ಕರ್ತನನ್ನು ಬೇಡಿಕೊಳ್ಳುತ್ತಾ ಆತನು ಸತ್ತನೆಂದು ಹೇಳುತ್ತಾರೆ. 1537ರಲ್ಲಿಯೇ ಆತನ ಭಾಷಾಂತರವು ಬಹುಪಾಲು ಸೇರಿದ್ದ ಸತ್ಯವೇದವು, ಬೇರೆ ಹೆಸರಿನಿಂದ, ಅದೇ ಅರಸನ ಅಪ್ಪಣೆಯಿಂದ ಮಾರಲ್ಪಟ್ಟಿತು. 1611ರ ಪ್ರಸಿದ್ಧ ಇಂಗ್ಲಿಷ್ ಸತ್ಯವೇದದ ಹೊಸ ಒಡಂಬಡಿಕೆಯ ಮಾತುಗಳಲ್ಲಿ ಐದರಲ್ಲಿ ನಾಲ್ಕು ಪಾಲಿಗಿಂತ ಹೆಚ್ಚು ಟಿಂಡೇಲನವೇ ಎಂದು 1998ರಲ್ಲಿ ಪಂಡಿತರು ಲೆಕ್ಕಹಾಕಿ ತೋರಿಸಿದರು.

ಆತನ ಸಮಾಧಿಯಿಲ್ಲ, ಬೂದಿಯೂ ಉಳಿಯಲಿಲ್ಲ. ಆದರೆ ಆತನ ಮಾತುಗಳು ಲೋಕದ ಎಲ್ಲಾ ಕಡೆಗಳಲ್ಲಿ ಆಡಲ್ಪಡುತ್ತಿವೆ. ನಮ್ಮ ಮನೆಗಳಲ್ಲಿ ಸತ್ಯವೇದವು ನಮ್ಮ ತಾಯಿನುಡಿಯಲ್ಲಿ ಯಾವ ಭಯವೂ ಇಲ್ಲದೆ ತೆರೆದಿಡಲ್ಪಟ್ಟಿದೆ. ಹೊಲದಿಂದ ಬಂದು ದೀಪ ಹಚ್ಚಿ ಅದನ್ನು ಓದುವಾಗ, ಆ ಒಂದು ದೀಪಕ್ಕಾಗಿ ಸೆರೆಯಲ್ಲಿ ಬೇಡಿಕೊಂಡವನನ್ನು ನೆನಸೋಣ. ಓದಲು ಬಾರದ ನೆರೆಯವನಿಗೂ ಓದಿ ಹೇಳೋಣ.