ಸರ್ ಪೀಟರ್ ಮೆಡಾವರ್ (1915–1987)

ಅಂಗಾಂಗ ಕಸಿಗೆ ವೈಜ್ಞಾನಿಕ ತಳಹದಿ ಒದಗಿಸಿದ ಸರ್ ಪೀಟರ್ ಮೆಡಾವರ್ ಅವರು 1915ರಲ್ಲಿ ಬ್ರೆಜಿಲ್ ದೇಶದಲ್ಲಿ ಜನಿಸಿದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಸುಟ್ಟಗಾಯದ ರೋಗಿಯೊಬ್ಬರಿಗೆ ಅದೇ ದಾನಿಯ ಚರ್ಮವನ್ನು ಎರಡನೆಯ ಬಾರಿ ಕಸಿ ಮಾಡಿದಾಗ ಅದು ಮೊದಲಿಗಿಂತ ಬೇಗ ನಾಶವಾಯಿತು. ಇದು ರೋಗನಿರೋಧಕ ವ್ಯವಸ್ಥೆಯ ಕಾರ್ಯವೆಂಬುದನ್ನು 1943ರಲ್ಲಿ ಥಾಮಸ್ ಗಿಬ್ಸನ್ ಅವರೊಡನೆ ಮಂಡಿಸಿದರು. 1960ರಲ್ಲಿ ನೊಬೆಲ್ ಪ್ರಶಸ್ತಿಗೆ ಭಾಜನರಾದರು. 1969ರಲ್ಲಿ ಪಾರ್ಶ್ವವಾಯುವಿಗೆ ತುತ್ತಾದರೂ ಸಂಶೋಧನೆ ತೊರೆಯದೆ, 1987ರಲ್ಲಿ ನಿಧನರಾದರು.

ಕಸಿಯಾದ ಹೃದಯವನ್ನು ಟಿ-ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳು ಪರಕೀಯವೆಂದು ಗುರುತಿಸಿ ಆಕ್ರಮಿಸುತ್ತವೆ. ಆದುದರಿಂದ ಸಾಗರ, ಹೊಸನಗರ, ತೀರ್ಥಹಳ್ಳಿಯಂತಹ ಮಲೆನಾಡಿನ ತಾಲ್ಲೂಕುಗಳಲ್ಲಿ ನೆಲೆಸುವ ಹೃದಯ ಕಸಿ ಪಡೆದವರು, ಮಳೆಗಾಲದಲ್ಲಿ ಸಂಚಾರಕ್ಕೆ ಅಡಚಣೆಯಾದರೂ ನಿರೋಧಶಕ್ತಿ ತಗ್ಗಿಸುವ ಔಷಧಿ ಒಂದು ದಿನವೂ ತಪ್ಪದಂತೆ ಮುಂಚಿತವಾಗಿ ಸಂಗ್ರಹಿಸಿಟ್ಟುಕೊಳ್ಳುವುದು ಅತ್ಯಗತ್ಯ.